ಬಿದ್ದ ಬೈಕನ್ನ ಎತ್ತೋರು ಯಾರು?

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವಾಗ ನಾಲೆ ಏರಿ ಮೇಲಿನ ದಾರಿಗಳು ಬೇಕಾದಷ್ಟು ಸಿಗುತ್ತವೆ. ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬಿನ ಗದ್ದೆ, ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಮಳೆಗಾಲದ ಒಂದು ಭಾನುವಾರ ಅಂಥದ್ದೇ ಒಂದು ಏರಿ ಮೇಲೆ ನಾವು ನಾಲ್ಕು ಜನ ಆಫೀಸಿನ ಗೆಳೆಯರು ಬೈಕ್ ಹತ್ತಿಸಿದ್ವಿ. ನಮ್ಮ ಭಾಷೆಯಲ್ಲಿ ಅದು 'ಟ್ರೇಲ್ ರೈಡ್'. ಊರಿನವರ ಭಾಷೆಯಲ್ಲಿ ಗದ್ದೆಗೆ ಹೋಗೋ ದಾರಿ.

ಮುಂದಿದ್ದ ಗೆಳೆಯನ ಬೈಕು ಇನ್ನೂರು ಕೆಜಿಯದ್ದು. ಕೆಸರಿನಲ್ಲಿ ಹಿಂದಿನ ಚಕ್ರ ಜಾರಿತು. ಇವನು ಕಾಲು ಊರಿದ, ಊರಿದ ಕಾಲೂ ಜಾರಿತು. ಬೈಕು ನೀರಿನ ಕಡೆಗೇ ಮಲಗಿತು, ಇವನ ಎಡಗಾಲು ಅದರಡಿ. ನಾವು ಮೂವರು ಓಡಿ ಹೋಗಿ ಎತ್ತೋಕೆ ನೋಡಿದ್ವಿ. ಹತ್ತಾರು ಸಾವಿರದ ಬೂಟು, ಜಾಕೆಟ್ಟು, ಗ್ಲೌಸು ಎಲ್ಲಾ ಇತ್ತು. ಕೆಸರಲ್ಲಿ ನಿಲ್ಲೋಕೆ ಕಾಲು ಮಾತ್ರ ಇರಲಿಲ್ಲ. ನಾವು ಒಂದು ಸಲ ಜಗ್ಗಿದರೆ ಬೈಕು ನಾಲೆ ಕಡೆಗೆ ಇನ್ನೊಂದು ಗೇಣು ಸರಿಯುತ್ತಿತ್ತು.

ಆಗ ಎದುರಿಂದ ಒಂದು ಎಕ್ಸೆಲ್ ಬಂತು. ಹಿಂದೆ ಮನುಷ್ಯನಷ್ಟೇ ಎತ್ತರದ ಹಸಿಹುಲ್ಲಿನ ಹೊರೆ, ಮುಂದೆ ಕಾಲಿನ ಹತ್ತಿರ ಹಾಲಿನ ಕ್ಯಾನು. ಓಡಿಸುತ್ತಿದ್ದ ಯಜಮಾನರಿಗೆ ಅರವತ್ತು ದಾಟಿರಬೇಕು, ಕಾಲಲ್ಲಿ ಹವಾಯಿ ಚಪ್ಪಲಿ. ಗಾಡಿ ನಿಲ್ಲಿಸಿ, ಹುಲ್ಲಿನ ಹೊರೆಯ ಹಗ್ಗ ಬಿಚ್ಚಿ, ನಮ್ಮ ಬೈಕಿನ ಹಿಂದಿನ ಚಕ್ರಕ್ಕೆ ಕಟ್ಟಿ, "ಇಂಗ್ ಎಳೀರಿ, ನೀರ್ ಕಡೀಕಲ್ಲ" ಅಂದರು. ಎಳೆದ್ವಿ. ಕಾಲು ಹೊರಗೆ ಬಂತು. ಆಮೇಲೆ ನಾಲ್ಕೂ ಜನ ಸೇರಿ ಬೈಕು ಎತ್ತಿದ್ವಿ.

"ಏನ್ ತೂಕ ಮಗ ಇದು?"

"ಇನ್ನೂರು ಕೆಜಿ ಯಜಮಾನ್ರೇ."

"ಎಮ್ಮೆ ಬಿದ್ರೆ ಎತ್ತೋವಾಗ ಅದೂ ವಸಿ ಏಳಕ್ ನೋಡ್ತದೆ. ಇದು ಸುಮ್ಕೆ ಮಲೀಕತದಲ್ಲಪ್ಪಾ."

ನಗು ಬಂತು, ಆದರೆ ನಗೋ ಹೊತ್ತಾಗಿರಲಿಲ್ಲ. ಗೆಳೆಯನ ಪಾದದ ಹತ್ತಿರ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್, ಆರು ವಾರ ವರ್ಕ್ ಫ್ರಮ್ ಹೋಮ್, ಆರು ವಾರ ಯೂಟ್ಯೂಬು. ಆ ಯೂಟ್ಯೂಬಿನಿಂದ ಅವನಿಗೆ ಹೊಸ ಜ್ಞಾನೋದಯ ಆಯಿತು: "ಮಗಾ, ನಾವು ತಪ್ಪು ಬೈಕ್ ಇಟ್ಕೊಂಡಿದೀವಿ. ಟ್ರೇಲಿಗೆ ಬೇಕಾಗಿರೋದು ಟ್ರಯಲ್ಸ್ ಬೈಕು."

ಈ ಬರಹ ಅವನ ಆ ವಾದದ ಬಗ್ಗೆ. ಅರ್ಧ ಸರಿಯಾಗಿರೋ ವಾದಗಳನ್ನ ತಳ್ಳಿಹಾಕೋದು ಕಷ್ಟ, ಒಪ್ಪಿಕೊಳ್ಳೋದು ಇನ್ನೂ ಕಷ್ಟ. ಅದಕ್ಕೇ ಬಿಡಿಸಿ ನೋಡೋಣ ಅಂತ.

ಕನ್ನಡದಲ್ಲಿ ಬರೆದರೆ ಟ್ರಯಲ್ಸ್ ಮತ್ತು ಟ್ರೇಲ್ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಎರಡೂ ಬೇರೆ. ಟ್ರೇಲ್ ಅಂದರೆ ಕಾಲುದಾರಿ, ಕಾಡುದಾರಿ. ಟ್ರಯಲ್ಸ್ ಅಂದರೆ ಒಂದು ಆಟ. ಬಂಡೆ, ಹಳ್ಳ, ಬೇರು, ಮರದ ದಿಮ್ಮಿ ಇರೋ ಒಂದು ಸಣ್ಣ ಜಾಗವನ್ನ ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಂದು ಸಲ ಕಾಲು ಊರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿ ಎಷ್ಟೇ ಊರಿದರೂ 3. ಬಿದ್ದರೆ, ಗೆರೆ ದಾಟಿ ಹೊರಗೆ ಹೋದರೆ 5. ಕೊನೆಗೆ ಯಾರ ಅಂಕ ಕಡಿಮೆಯೋ ಅವರು ಗೆದ್ದ ಹಾಗೆ. ವೇಗಕ್ಕೆ ಇಲ್ಲಿ ಬೆಲೆ ಇಲ್ಲ, ತೂಕ ಹಿಡಿದು ನಿಲ್ಲೋದಕ್ಕೆ ಇದೆ.

ಈ ಆಟಕ್ಕೆ ಅಂತಲೇ ಮಾಡಿದ ಬೈಕು ನೋಡೋಕೂ ವಿಚಿತ್ರ. ಸೀಟೇ ಇಲ್ಲ. ಟ್ಯಾಂಕು ಎರಡು-ಮೂರು ಲೀಟರಿನದ್ದು. ತೂಕ ಎಪ್ಪತ್ತು ಕೆಜಿ ಆಸುಪಾಸು. ಹ್ಯಾಂಡಲ್ಲು ನಮ್ಮ ಬೈಕುಗಳಿಗಿಂತ ತುಂಬಾ ಜಾಸ್ತಿ ತಿರುಗುತ್ತೆ. ಮೊದಲ ಗೇರುಗಳು ನಡೆಯೋ ವೇಗಕ್ಕಿಂತ ನಿಧಾನವಾಗಿ ಹೋಗೋಕೆ ಮಾಡಿದವು. ಟೈರಿನ ಗಾಳಿ ನಾಲ್ಕರಿಂದ ಆರು ಪಿಎಸ್‌ಐ, ನಮ್ಮ ರಸ್ತೆ ಬೈಕಿಗೆ ಹಾಕೋದರ ಕಾಲು ಭಾಗವೂ ಇಲ್ಲ. ಹಾಗಾಗಿ ಆ ಮೆತ್ತನೆ ಟೈರು ಬಂಡೆಗೆ ಅಂಗೈ ಹಾಗೆ ಅಂಟಿಕೊಳ್ಳುತ್ತೆ.

ಗೆಳೆಯ ಎಲ್ಲಿ ಸರಿ ಅನ್ನೋದನ್ನ ಮೊದಲು ಹೇಳಿಬಿಡುತ್ತೀನಿ. ತೂಕದ ವಿಷಯದಲ್ಲಿ ಅವನು ನೂರಕ್ಕೆ ನೂರು ಸರಿ.

ನಮ್ಮಲ್ಲಿ ಅಡ್ವೆಂಚರ್ ಬೈಕು ಅಂತ ಮಾರೋ ಗಾಡಿಗಳ ತೂಕ ನೋಡಿ. ಹೊಸ ಹಿಮಾಲಯನ್ 450 ಪೆಟ್ರೋಲ್ ತುಂಬಿದರೆ 196 ಕೆಜಿ. ಹಗುರ ಅಂತ ನಾವು ಹೊಗಳೋ ಎಕ್ಸ್‌ಪಲ್ಸ್ 200 ಕೂಡ 150 ದಾಟುತ್ತೆ. ಇದಕ್ಕೆ ನಾವು ಗಾರ್ಡು, ಪೆಟ್ಟಿಗೆ, ಎಕ್ಸ್‌ಟ್ರಾ ಲೈಟು ಅಂತ ಇನ್ನೊಂದು ಹದಿನೈದು ಕೆಜಿ ಸೇರಿಸುತ್ತೀವಿ. ಇವು ಕೆಟ್ಟ ಬೈಕುಗಳಲ್ಲ. ಬೆಂಗಳೂರಿನಿಂದ ಹೊರಟು, ದಿನವಿಡೀ ಓಡಿಸಿ, ಕೆಟ್ಟ ರಸ್ತೆ ಬಂದರೂ ದಾಟಿಕೊಂಡು ಹೋಗೋಕೆ ಇವೇ ಸರಿ. ಆದರೆ ಕೆಟ್ಟ ರಸ್ತೆ ಬೇರೆ, ರಸ್ತೆಯೇ ಇಲ್ಲದ ಜಾಗ ಬೇರೆ. ಜಾಹೀರಾತಿನಲ್ಲಿ ಎರಡನ್ನೂ ಒಂದೇ ಡ್ರೋನ್ ಶಾಟಿನಲ್ಲಿ ತೋರಿಸುತ್ತಾರೆ, ನಾವು ನಂಬುತ್ತೀವಿ. ಕಂಪನಿಯವರು ಹಾರ್ಸ್‌ಪವರ್ ಹೇಳುತ್ತಾರೆ, ಟಾರ್ಕ್ ಹೇಳುತ್ತಾರೆ, ಸಸ್ಪೆನ್ಷನ್ ಎಷ್ಟು ಕುಗ್ಗುತ್ತೆ ಅಂತ ಹೇಳುತ್ತಾರೆ. ಬಿದ್ದ ಗಾಡಿಯನ್ನ ಒಬ್ಬನೇ ಎತ್ತಬಹುದಾ ಅನ್ನೋದಕ್ಕೆ ಬ್ರೋಷರಿನಲ್ಲಿ ಕಾಲಮ್ ಇಲ್ಲ. ಟ್ರೇಲಿನಲ್ಲಿ ಬೀಳೋದು ಅಪಘಾತ ಅಲ್ಲ, ದಿನಚರಿ. ಹತ್ತು ಸಲ ಬಿದ್ದು ಹತ್ತು ಸಲ ಎತ್ತಿದರೆ ಹನ್ನೊಂದನೇ ಸಲಕ್ಕೆ ತಲೆ ಕೆಲಸ ಮಾಡೋದಿಲ್ಲ. ನಮ್ಮವನು ಬಿದ್ದದ್ದೂ ನಾಲ್ಕನೇ ಸಲಕ್ಕೆ, ಸುಸ್ತಾದ ಮೇಲೆ.

ಟೈರಿನ ವಿಷಯದಲ್ಲೂ ಅವನ ಮಾತಿನಲ್ಲಿ ಹುರುಳಿದೆ. ದೊಡ್ಡ ಗುಬುಟಿನ ನಾಬಿ ಟೈರು ಹಾಕಿ, ಇನ್ನೂರು ಕೆಜಿ ಬೈಕಿಗೆ ಥ್ರಾಟಲ್ ತಿರುಚಿದರೆ ಅದು ಮುಂದೆ ಹೋಗೋ ಮೊದಲು ನೆಲ ಅಗೆಯುತ್ತೆ. ಗುಬುಟು ಸಣ್ಣದಾಗಿ, ಒತ್ತೊತ್ತಾಗಿರೋ ಟ್ರಯಲ್ಸ್ ಟೈರು ನೆಲವನ್ನ ಅಷ್ಟು ಕೆದಕೋದಿಲ್ಲ. ಹೊರದೇಶಗಳಲ್ಲಿ ಎಂಡ್ಯೂರೋ ಓಡಿಸೋ ಎಷ್ಟೋ ಜನ ಹಿಂದಿನ ಚಕ್ರಕ್ಕೆ ಟ್ರಯಲ್ಸ್ ಟೈರನ್ನೇ ಹಾಕಿಕೊಳ್ಳೋದು ಬಂಡೆ ಮೇಲಿನ ಹಿಡಿತಕ್ಕೆ. ನಮ್ಮ ಕಡೆ ಅದಕ್ಕೆ ಇನ್ನೊಂದು ಕಾರಣ ಇದೆ. ಅದನ್ನ ಕೊನೆಗೆ ಹೇಳುತ್ತೀನಿ.

ಈಗ ಅವನು ಎಲ್ಲಿ ತಪ್ಪು ಅಂತ ನೋಡೋಣ.

ಮಂಡ್ಯ, ಮದ್ದೂರು, ಮಳವಳ್ಳಿ ಮೂರನ್ನೂ ಸುತ್ತಿ ವಾಪಸ್ ಬಂದರೆ ಎಂಬತ್ತು ಕಿಲೋಮೀಟರ್ ಆಸುಪಾಸು ಆಗುತ್ತೆ. ಎರಡೂವರೆ ಲೀಟರ್ ಟ್ಯಾಂಕು, ಮಣ್ಣುದಾರಿಯಲ್ಲಿ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಅಂತ ಧಾರಾಳವಾಗಿ ಲೆಕ್ಕ ಹಿಡಿದರೂ ಐವತ್ತಕ್ಕೆ ಮುಗೀತು. ಬೆನ್ನಿನ ಬ್ಯಾಗಿನಲ್ಲಿ ಪೆಟ್ರೋಲ್ ಬಾಟಲಿ ಹೊತ್ತುಕೊಂಡು ಓಡಾಡೋದು ಯಾವ ಕೋನದಿಂದ ನೋಡಿದರೂ ಜಾಣತನ ಅಲ್ಲ.

ಆಮೇಲೆ ನಿಲ್ಲೋದು. ಸೀಟಿಲ್ಲದ ಗಾಡಿಯ ಮೇಲೆ ಎರಡು ನಿಮಿಷ ನಿಂತು ಬಂಡೆ ಹತ್ತೋದು ಆಟ. ನಾಲ್ಕು ಗಂಟೆ ನಿಂತು ನಾಲೆ ಏರಿ ಮೇಲೆ ಹೋಗೋದು ಶಿಕ್ಷೆ. ಫೋಮಿನ ಸೀಟು ಕಟ್ಟಿಕೊಂಡರೆ ಕೂರಬಹುದು, ಆದರೆ ಹ್ಯಾಂಡಲ್ಲು, ಫುಟ್‌ಪೆಗ್ಗು ಎರಡೂ ನಿಂತವನಿಗೆ ಅಂತ ಇಟ್ಟಿರೋದು. ಕೂತರೆ ಮಂಡಿ ಎದೆಗೆ ಬರುತ್ತೆ.

ಇನ್ನು ಸಸ್ಪೆನ್ಷನ್. ಎಂಡ್ಯೂರೋ ಬೈಕಿನದ್ದು 30 ಸೆಂಟಿಮೀಟರ್ ಆಸುಪಾಸು ಕುಗ್ಗುತ್ತೆ, ಟ್ರಯಲ್ಸ್ ಬೈಕಿನದ್ದು 17ರ ಹತ್ತಿರ. ನಿಧಾನಕ್ಕೆ ಹೋದರೆ ಅಷ್ಟೇ ಸಾಕು. ಕಬ್ಬಿನ ಟ್ರ್ಯಾಕ್ಟರು ಹರಿದಾಡಿ ಗುಂಡಿ ಬಿದ್ದ ದಾರಿಯಲ್ಲಿ ಐವತ್ತರ ವೇಗಕ್ಕೆ ಹೋದರೆ ಆ ನಾಲ್ಕು ಪಿಎಸ್‌ಐ ಟೈರು ಓಲಾಡುತ್ತೆ, ರಿಮ್ಮು ಕಲ್ಲಿಗೆ ಬಡಿಯುತ್ತೆ. ಗಾಳಿ ಜಾಸ್ತಿ ಹಾಕಿದರೆ ಯಾವುದಕ್ಕೋಸ್ಕರ ಆ ಟೈರು ತಂದಿರೋ ಅದೇ ಹೋಯಿತು.

ಎಲ್ಲಕ್ಕಿಂತ ದೊಡ್ಡದು ಕಾನೂನು. ರಸ್ತೆಗೆ ನೋಂದಣಿ ಆಗೋ ಟ್ರಯಲ್ಸ್ ಬೈಕು ನಮ್ಮ ಷೋರೂಮುಗಳಲ್ಲಿ ಸಿಗೋದಿಲ್ಲ. ಹೊರಗಿಂದ ತರಿಸಿದರೂ ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನ ಸಾರ್ವಜನಿಕ ಜಾಗದಲ್ಲಿ ಓಡಿಸೋಕೆ 1988ರ ಮೋಟಾರು ವಾಹನ ಕಾಯ್ದೆ ಬಿಡೋದಿಲ್ಲ. ಅಂಥ ಗಾಡಿಯಿಂದ ಗದ್ದೆಗೆ ಹೋಗ್ತಿರೋ ಒಬ್ಬ ಅಜ್ಜಿಗೆ ಗುದ್ದಿದರೆ ಇನ್ಶೂರೆನ್ಸ್ ಬಗ್ಗೆ ಯೋಚನೆಯನ್ನೂ ಮಾಡಬೇಡಿ. ಅಂದರೆ ಟ್ರಯಲ್ಸ್ ಬೈಕಿನ ಜಾಗ ಖಾಸಗಿ ಜಮೀನು. ಅಲ್ಲಿಗೂ ಅದನ್ನ ಪಿಕಪ್ ಗಾಡಿಯಲ್ಲೇ ಹೇರಿಕೊಂಡು ಹೋಗಬೇಕು.

ನಾನು ಇಷ್ಟೆಲ್ಲಾ ಹೇಳಿದ್ದಕ್ಕೆ ಗೆಳೆಯ ಇತಿಹಾಸ ತೆಗೆದ: "ಸ್ಕಾಟ್ಲೆಂಡಿನಲ್ಲಿ ಆರು ದಿನ ಓಡಿಸ್ತಾರಲ್ಲೋ?" ನಿಜ. ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ 1909ರಿಂದ ನಡೀತಿದೆ. ಅದರಲ್ಲಿ ಒಂದು ಸೆಕ್ಷನ್ನಿಂದ ಇನ್ನೊಂದಕ್ಕೆ ರಸ್ತೆಯಲ್ಲೂ ಗುಡ್ಡದಲ್ಲೂ ಮೈಲಿಗಟ್ಟಲೆ ಓಡಿಸಲೇಬೇಕು. ಇನ್ನೂ ಮಜಾ ಅಂದರೆ ಈಗ ಎಂಡ್ಯೂರೋ ಲೋಕದ ದೊಡ್ಡ ಪಂದ್ಯ ಅನ್ನಿಸಿಕೊಂಡಿರೋ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಎಂಡ್ಯೂರೋ 1913ರಲ್ಲಿ ಶುರುವಾದಾಗ ಅದರ ಹೆಸರಲ್ಲಿ ಇದ್ದದ್ದು 'ಟ್ರಯಲ್' ಅಂತಲೇ. 'ಎಂಡ್ಯೂರೋ' ಅಂತ ಆದದ್ದು 1981ರಲ್ಲಿ. ಅಂದರೆ ಒಂದು ಕಾಲಕ್ಕೆ ಎರಡೂ ಒಂದೇ ಮನೆಯಲ್ಲಿದ್ದವು: ಬೈಕು ಗಟ್ಟಿ ಇದೆಯಾ, ಸವಾರ ಗಟ್ಟಿ ಇದ್ದಾನಾ ಅಂತ ನೋಡೋ ಪರೀಕ್ಷೆ. ಆಮೇಲೆ ಟ್ರಯಲ್ಸ್ ಬೈಕು ಸೀಟು ಕಳಚಿಕೊಂಡು, ಟ್ಯಾಂಕು ಚಿಕ್ಕದು ಮಾಡಿಕೊಂಡು ಬಂಡೆ ಕಡೆ ಹೋಯಿತು, ಎಂಡ್ಯೂರೋ ಬೈಕು ಉದ್ದ ಕಾಲು ಬೆಳೆಸಿಕೊಂಡು ವೇಗದ ಕಡೆ ಹೋಯಿತು. ಭಾಗ ಆದ ಮನೆಯ ಒಂದು ಪಾಲನ್ನ ಕೊಂಡುಕೊಂಡು ಇಡೀ ಮನೆ ನನ್ನದು ಅಂದರೆ ಆಗುತ್ತಾ?

ಎರಡನ್ನೂ ಮತ್ತೆ ಕೂಡಿಸೋ ಪ್ರಯತ್ನಗಳೂ ಆಗಿವೆ. ಇಟಲಿಯ ಬೀಟಾ ಕಂಪನಿಯ ಆಲ್ಪ್ 200, 2016ರಲ್ಲಿ ಬಂದ ಮೊಂಟೆಸಾ 4ರೈಡ್, ಇವು ಟ್ರಯಲ್ಸ್ ಬೈಕಿನ ಗುಣಕ್ಕೆ ಸೀಟು, ಲೈಟು, ಸ್ವಲ್ಪ ದೊಡ್ಡ ಟ್ಯಾಂಕು ಸೇರಿಸಿದವು. ನನಗೆ ಇವೆಲ್ಲಕ್ಕಿಂತ ಇಷ್ಟವಾಗೋದು ಜಪಾನಿನಲ್ಲಿ 1985ರಿಂದ 2020ರವರೆಗೆ ಇದ್ದ ಯಮಹಾ ಸೆರೋ. ಅದರ ಹಿಂದಿನ ಯೋಚನೆಯೇ 'ಎರಡು ಚಕ್ರ, ಎರಡು ಕಾಲು'. ಕಷ್ಟದ ಜಾಗ ಬಂದರೆ ಮಾನ ಬಿಟ್ಟು ಎರಡೂ ಕಾಲು ಊರಿ ತಳ್ಳಿಕೊಂಡು ಹೋಗು ಅಂತ. ಟ್ರಯಲ್ಸ್ ಆಟದಲ್ಲಿ ಕಾಲು ಊರಿದರೆ ದಂಡ, ಸೆರೋದಲ್ಲಿ ಅದು ಬೈಕಿನ ವಿನ್ಯಾಸದ ಭಾಗ. ಅದಕ್ಕೆ ಬೇಕಾಗಿದ್ದು ಎರಡೇ: ಹಗುರ ಗಾಡಿ, ಕಾಲಿಗೆ ಎಟುಕೋ ಸೀಟು.

ನಮ್ಮಲ್ಲೂ ಒಂದು ಪ್ರಯತ್ನ ಆಗಿತ್ತು. 2011ರಲ್ಲಿ ಬಂದ ಹೀರೋ ಇಂಪಲ್ಸ್, 150 ಸಿಸಿ, 134 ಕೆಜಿ. ನಾವು ಅದನ್ನ ಕೊಳ್ಳಲಿಲ್ಲ. ಪವರ್ ಸಾಲದು ಅಂದ್ವಿ. ಕೆಲವೇ ವರ್ಷದಲ್ಲಿ ಅದು ನಿಂತುಹೋಯಿತು. ಈಗ ಹಗುರ ಬೈಕು ಯಾಕೆ ಮಾಡಲ್ಲ ಅಂತ ಕಂಪನಿಗಳನ್ನ ಬೈಯೋ ನಮ್ಮಂಥವರು ಆಗ ಶೋರೂಮಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಟಾಪ್ ಸ್ಪೀಡ್ ಎಷ್ಟು? ನಾನೂ ಕೇಳಿದ್ದೆ.

ಈಗ ಆ ಎಕ್ಸೆಲ್ಲಿಗೆ ಬರೋಣ. ತೂಕ 90 ಕೆಜಿಗೂ ಕಡಿಮೆ. 100 ಸಿಸಿ. ಗೇರು ಇಲ್ಲ, ಕ್ಲಚ್ ಹಿಡಿ ಇಲ್ಲ. ನಾಲ್ಕು ಲೀಟರ್ ಟ್ಯಾಂಕು. ಕಾಲು ನೆಲಕ್ಕೆ ಸಲೀಸಾಗಿ ಎಟುಕುತ್ತೆ. ಮುಂದೆ ಕಾಲಿಡೋ ಜಾಗದಲ್ಲೇ ಕ್ಯಾನೋ ಗೊಬ್ಬರದ ಮೂಟೆಯೋ ಇಡಬಹುದು. ಟ್ರೇಲ್ ಬೈಕಿಗೆ ಏನೇನು ಬೇಕು ಅಂತ ನಾವು ವಾಟ್ಸಾಪಿನಲ್ಲಿ ಪಟ್ಟಿ ಮಾಡಿದ್ವಲ್ಲ, ಅದರ ಅರ್ಧಕ್ಕಿಂತ ಜಾಸ್ತಿ ಅದರಲ್ಲಿದೆ. ಇದನ್ನ ಮಾಡೋ ಟಿವಿಎಸ್ ಕಂಪನಿಯೇ 2015ರಿಂದ ಡಕಾರ್ ರ್‍ಯಾಲಿಯಲ್ಲಿ ಫ್ರಾನ್ಸಿನ ಶೆರ್ಕೋ ಜೊತೆ ಓಡಿತು. ಆ ಶೆರ್ಕೋ 1998ರಲ್ಲಿ ಹುಟ್ಟಿದ್ದು ಟ್ರಯಲ್ಸ್ ಬೈಕು ಮಾಡೋಕೆ. ಟ್ರಯಲ್ಸ್ ಲೋಕಕ್ಕೂ ನಮ್ಮ ಹುಲ್ಲಿನ ಹೊರೆಗೂ ಹೀಗೊಂದು ದೂರದ ನೆಂಟಸ್ತಿಕೆ ಇದೆ ಅಂತ ಆ ಯಜಮಾನರಿಗೆ ಹೇಳಿದ್ದರೆ ಏನು ಅನ್ನುತ್ತಿದ್ದರೋ.

ಆದರೆ ಎಕ್ಸೆಲ್ಲನ್ನ ಎತ್ತಿ ಅಟ್ಟಕ್ಕೆ ಕೂರಿಸೋದೂ ತಪ್ಪು. 'ಹಳ್ಳಿಯವರೇ ನಿಜವಾದ ರೈಡರುಗಳು' ಅನ್ನೋ ಪೋಸ್ಟುಗಳಿಗೆ ತುಂಬಾ ಲೈಕು ಬೀಳುತ್ತೆ, ನನಗೆ ಅದು ಕಸಿವಿಸಿ. ಹಸಿಹುಲ್ಲು ಹೇರಿಕೊಂಡು ಕೆಸರಲ್ಲಿ ಹೋಗೋರು ಅಡ್ವೆಂಚರಿಗೆ ಹೋಗ್ತಿಲ್ಲ. ಮನೆಯಲ್ಲಿ ಹಸು ಕಾಯ್ತಿದೆ, ಡೈರಿಗೆ ಹೊತ್ತಾಗಿದೆ. ಸಣ್ಣ ಚಕ್ರ, ಡ್ರಮ್ ಬ್ರೇಕು, ಮಿತಿ ಮೀರಿದ ಹೊರೆ, ತಲೆ ಮೇಲೆ ಹೆಲ್ಮೆಟ್ ಬದಲು ಟವೆಲ್ಲು. ಅವರಿಗೂ ಜಾರುತ್ತೆ, ಅವರೂ ಬೀಳುತ್ತಾರೆ, ಅದು ರೀಲ್ಸ್ ಆಗೋದಿಲ್ಲ. ನಮ್ಮಪ್ಪನ ಮಂಡಿಯ ಮೇಲಿರೋ ಗಾಯದ ಕಲೆ ಅಂಥದ್ದೇ ಒಂದು ಸಂಜೆಯದ್ದು. ಎಕ್ಸೆಲ್ಲಿನಿಂದ ಕಲಿಯಬೇಕಾದ್ದು ತೂಕದ ಪಾಠ ಮಾತ್ರ. ಅವರ ಕಷ್ಟದ ಫೋಟೋ ತೆಗೆದು ನಮ್ಮ ಹವ್ಯಾಸಕ್ಕೆ ಕ್ಯಾಪ್ಷನ್ ಮಾಡಿಕೊಳ್ಳಬಾರದು.

ಟೈರಿನ ಇನ್ನೊಂದು ಕಾರಣ ಕೊನೆಗೆ ಹೇಳುತ್ತೀನಿ ಅಂದಿದ್ದೆ.

ನಾವು ಓಡಿಸೋ ಈ ಟ್ರೇಲುಗಳು ಆಟದ ಮೈದಾನಗಳಲ್ಲ. ನಾಲೆ ಏರಿ ಅಂದರೆ ನೀರು ಹಿಡಿದು ನಿಲ್ಲಿಸಿರೋ ಮಣ್ಣು. ಮಳೆಯಲ್ಲಿ ನೆನೆದ ಏರಿ ಮೇಲೆ ನಾಲ್ಕು ಬೈಕು ಗೀರು ಹಾಕಿ ಹೋದರೆ ಮುಂದಿನ ಮಳೆಯ ನೀರು ಆ ಗೀರಿನಲ್ಲೇ ಇಳಿಯುತ್ತೆ, ಗೀರು ಕೊರಕಲಾಗುತ್ತೆ. ಆಮೇಲೆ ಆ ದಾರಿಯಲ್ಲಿ ಹೊರೆ ಹೇರಿಕೊಂಡು ಹೋಗಬೇಕಾದೋರು ಯಾರು? ಗದ್ದೆ ಬದು ಮುರಿದರೆ ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ಹೋಗಿ ಎರಡು ಮನೆಯಲ್ಲಿ ಜಗಳ. ನಾವು ಆ ಹೊತ್ತಿಗೆ ಮದ್ದೂರು ವಡೆ ತಿಂದು ಬೆಂಗಳೂರಿನ ದಾರಿ ಹಿಡಿದಿರುತ್ತೀವಿ.

ನಾಲೆ ಅಂದರೆ ಮಂಡ್ಯದವರಿಗೆ ಬರೀ ನೀರಲ್ಲ, ಭಯವೂ ಹೌದು. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಹೋದರು, ಅವರಲ್ಲಿ ಸ್ಕೂಲಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅಂಥ ನಾಲೆಯ ಪಕ್ಕದಲ್ಲಿ ನಾವು ಥ್ರಿಲ್ಲು ಹುಡುಕಿಕೊಂಡು ಹೋಗಿದ್ವಿ. ಊರಿನವನಾಗಿ ನನಗೆ ಇದು ಮೊದಲೇ ಹೊಳೀಬೇಕಿತ್ತು. ಗೂಗಲ್ ಮ್ಯಾಪಿನಲ್ಲಿ ಆ ಏರಿಯನ್ನ ಗುರುತು ಮಾಡಿ ಗ್ರೂಪಿಗೆ ಕಳಿಸಿದವನೇ ನಾನು.

ಉಳಿದ ಜಾಗಗಳ ಕಥೆಯೂ ಹೀಗೇ. ಹಲಗೂರು ದಾಟಿ ಮುತ್ತತ್ತಿ ಕಡೆ ಹೋದರೆ ಕಾವೇರಿ ವನ್ಯಜೀವಿಧಾಮ, 1987ರಿಂದ. ಅಲ್ಲಿ ರಸ್ತೆ ಬಿಟ್ಟು ಬೈಕು ಇಳಿಸೋ ಮಾತೇ ಇಲ್ಲ, ಎಪ್ಪತ್ತು ಕೆಜಿಯದ್ದಾದರೂ ಅಷ್ಟೇ, ಇನ್ನೂರು ಕೆಜಿಯದ್ದಾದರೂ ಅಷ್ಟೇ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ, ಊರಿನವರೇ ತಲೆತಲಾಂತರದಿಂದ ಕಾಯ್ದುಕೊಂಡು ಬಂದಿದ್ದಾರೆ. ಅಲ್ಲಿ ಸೈಲೆನ್ಸರ್ ಬದಲಾಯಿಸಿದ ಬೈಕಿನಲ್ಲಿ ಸದ್ದು ಮಾಡಿಕೊಂಡು ಹೋಗೋದು ಯಾವ ಸೀಮೆ ಅಡ್ವೆಂಚರ್?

ಹಾಗಾದರೆ ಏನು ಮಾಡೋದು, ಬೈಕು ಮಾರಿಬಿಡೋದಾ ಅಂತ ಗೆಳೆಯ ಕೇಳಿದ. ಬೇಡ. ಅಲ್ಲಿಗೆ ಹೋಗಿ ಸೇರೋಕೆ ದೊಡ್ಡ ಬೈಕೇ ಬೇಕು. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ದ್ವಿಚಕ್ರಕ್ಕೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯ ಹಂಪು ಲೆಕ್ಕ ಹಾಕಿಕೊಂಡೇ ಮದ್ದೂರು ಮುಟ್ಟಬೇಕು. ಅದಕ್ಕೆ ನಿನ್ನ ಗಾಡಿ ಚೆನ್ನಾಗಿದೆ. ಊರಲ್ಲಿ ಒಂದು ಹಳೇ ನೂರು ಸಿಸಿ ಬೈಕು ಇಟ್ಟುಕೊಳ್ಳೋಣ. ಹಿಂದಿನ ಸ್ಪ್ರಾಕೆಟ್ಟಿಗೆ ಎರಡು-ಮೂರು ಹಲ್ಲು ಜಾಸ್ತಿ ಹಾಕಿಸಿದರೆ ನಿಧಾನಕ್ಕೆ ಎಳೆಯುತ್ತೆ. ಬಿದ್ದರೆ ಒಬ್ಬನೇ ಎತ್ತಬಹುದು. ಮಳೆ ಬಂದ ಮಾರನೇ ದಿನ ಏರಿ ಹತ್ತೋದು ಬೇಡ. ಜನ ಎದುರಿಗೆ ಬಂದರೆ ಎಂಜಿನ್ ನಿಲ್ಲಿಸಿ ದಾರಿ ಬಿಡೋಣ. ಟ್ರಯಲ್ಸ್ ಬೈಕು ಕೊಳ್ಳೋಕೆ ಆಗದಿದ್ದರೂ ಟ್ರಯಲ್ಸ್ ಆಟ ಕಲಿಯೋಕೆ ದುಡ್ಡು ಬೇಕಿಲ್ಲ, ನಮ್ಮ ಕಣ ಇದೆ ಅಂದೆ.

ಹೋದ ತಿಂಗಳು ಊರಿನ ಕಣದಲ್ಲಿ ನಾಲ್ಕು ತೆಂಗಿನಕಾಯಿ ಇಟ್ಟು, ಅವುಗಳ ನಡುವೆ ಎಂಟು ಬರೆಯೋ ಹಾಗೆ ನಿಧಾನಕ್ಕೆ ಓಡಿಸೋದು ಶುರು ಮಾಡಿದ್ವಿ. ಕಾಲು ಊರಬಾರದು. ಮೊದಲ ಸುತ್ತಿಗೇ ನನಗೆ 5, ಪ್ಲಾಸ್ಟರ್ ಬಿಚ್ಚಿದ ಗೆಳೆಯನಿಗೆ 3. ಅಪ್ಪ ಜಗುಲಿ ಮೇಲೆ ಕೂತು ತುಂಬಾ ಹೊತ್ತು ನೋಡಿದರು.

"ಏನ್ಲಾ, ಬೆಂಗ್ಳೂರಿಗೋಗಿ ಗಾಡಿ ಓಡ್ಸದೇ ಮರ್ತೋಯ್ತಾ?"

"ಕಲೀತಿದೀನಿ ಕಣಪ್ಪ."

"ಕಲೀರಿ ಕಲೀರಿ. ಆ ಕಾಯಿ ಮ್ಯಾಲ್ ಹತ್ತಿಸ್ಬುಟ್ಟೀರ, ದೇವರಿಗ್ ಇಟ್ಟಿರದು."